ಕ್ಯಾಸೆಟ್ಟಿನ ಎರಡನೆಯ ಬದಿ

ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಿಲಾಶಾಸನ, ತಾಳೆಗರಿ, ಕೋಟೆ ಕೊತ್ತಲ. ಈ ಲೇಖನಕ್ಕೆ ಅಂಥ ಆಧಾರ ಯಾವುದೂ ಇಲ್ಲ. ಇರುವುದು ಒಂದು ಕ್ಯಾಸೆಟ್ಟು. ಅರುವತ್ತು ನಿಮಿಷದ್ದು. ಮೇಲಿನ ಚೀಟಿಯಲ್ಲಿ ಯಾವುದೋ ತಮಿಳು ಸಿನಿಮಾದ ಹೆಸರಿತ್ತು, ಅದೂ ಈಗ ಅಳಿಸಿಹೋಗಿದೆ. 1994ರ ಮಳೆಗಾಲದ ಒಂದು ರಾತ್ರಿ, ಸೇಲಂ ಜಿಲ್ಲೆಯ ನಂಗವಳ್ಳಿಯಲ್ಲಿ, ನಮ್ಮ ಮನೆಯ ನಡುಮನೆಯಲ್ಲಿ, ನನ್ನ ಸೋದರತ್ತೆ ಅದರ ಮೊದಲ ಬದಿಯಲ್ಲಿ ಒಂದು ಹಾಡು ಹಾಡಿದಳು. ಎರಡನೆಯ ಬದಿಯಲ್ಲಿ ಆ ಹಾಡನ್ನು ಕೇಳಿದವರ ಮಾತುಗಳಿವೆ. ಈ ಎರಡನೆಯ ಬದಿಯನ್ನು ನಮ್ಮ ಮನೆಯವರು ಪೂರ್ತಿ ಕೇಳಲಿಲ್ಲ. ಹಾಗೆ ಕೇಳದೆ ಉಳಿದದ್ದರಿಂದ ಏನು ಕಳೆದುಕೊಂಡೆವು ಎಂಬುದನ್ನು ಹೇಳಲು ಇಷ್ಟು ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ.

(ಅತ್ತೆ, ಅಜ್ಜ, ಚಿಕ್ಕಪ್ಪ ಎಲ್ಲರನ್ನೂ ಏಕವಚನದಲ್ಲಿ ಬರೆಯುತ್ತಿರುವುದಕ್ಕೆ ಕಾಸರಗೋಡಿನ ವಾಚಕರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಹತ್ತಿರದವರಿಗೆ ಬಹುವಚನ ಹಚ್ಚುವ ರೂಢಿಯಿಲ್ಲ. ಹಚ್ಚಿದರೆ ಕೋಪ ಬಂದಿದೆಯೇ ಎಂದು ಕೇಳುತ್ತಾರೆ.)

ನಂಗವಳ್ಳಿ ಮೆಟ್ಟೂರಿನಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಲಕ್ಷ್ಮೀನರಸಿಂಹ, ಸೋಮೇಶ್ವರ ಇಬ್ಬರೂ ನೆಲೆಸಿರುವ ದೇವಸ್ಥಾನವೇ ಊರಿನ ಗುರುತು. ಊರಿನಲ್ಲಿಯೂ ಆಸುಪಾಸಿನ ಜಲಕಂಠಾಪುರ, ವನವಾಸಿ ಮುಂತಾದ ಕಡೆಗಳಲ್ಲಿಯೂ ನೇಯ್ಗೆಯ ಕಸುಬು. ನೇಯುವವರಲ್ಲಿ ದೇವಾಂಗರು ಬಹಳ, ಚೌಡೇಶ್ವರಿಯ ಒಕ್ಕಲಾದ ಈ ಮನೆಗಳಲ್ಲಿ ಎಷ್ಟೋ ಕಡೆ ಒಲೆಯ ಮುಂದಿನ ಮಾತು ಇಂದಿಗೂ ಕನ್ನಡವೇ. ಈ ಸೀಮೆ ಒಂದು ಕಾಲಕ್ಕೆ ಮೈಸೂರಿನದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಸೇಲಂ ಮತ್ತು ಬಾರಾಮಹಲನ್ನು ಕಂಪೆನಿಗೆ ಬಿಟ್ಟುಕೊಟ್ಟ. ಕಂದಾಯ ಗೊತ್ತುಮಾಡಲು ಬಂದ ಕ್ಯಾಪ್ಟನ್ ರೀಡನ ಸಹಾಯಕನಾಗಿ ಥಾಮಸ್ ಮನ್ರೋ ಏಳು ವರ್ಷ ಇಲ್ಲಿ ಓಡಾಡಿದ. ಅದೇ ಮನ್ರೋ 1799ರಲ್ಲಿ ಕೆನರಾಕ್ಕೆ ಕಲೆಕ್ಟರನಾಗಿ ಬಂದ. ಇಂದಿನ ಕಾಸರಗೋಡು ಆಗ ಕೆನರಾದೊಳಗೇ ಇತ್ತು. ನಿಮ್ಮ ಊರಿನ ಗದ್ದೆಯನ್ನೂ ನಮ್ಮ ಊರಿನ ಹೊಲವನ್ನೂ ಒಬ್ಬನೇ ಅಧಿಕಾರಿ ಲೆಕ್ಕಕ್ಕೆ ಹತ್ತಿಸಿದ ಎನ್ನುವುದು ನನಗೆ ಬಿ.ಎ. ಓದುವಾಗ ತಿಳಿದು ವಿಚಿತ್ರ ಸಂತೋಷವಾಗಿತ್ತು. ಮುಂದೆ ಈ ಸೀಮೆಗೇ ಹೆಣ್ಣು ಕೇಳಿಕೊಂಡು ಬರುತ್ತೇನೆಂದು ಆಗ ಗೊತ್ತಿರಲಿಲ್ಲ.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯನ್ನು ಈ ಸಂಚಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಾಸರಗೋಡು ಕೇರಳಕ್ಕೆ ಹೋದ ದಿನವೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಹೊಸೂರು, ಡೆಂಕಣಿಕೋಟೆ, ಧರ್ಮಪುರಿ, ಮೆಟ್ಟೂರು ಮದ್ರಾಸಿನಲ್ಲೇ ಉಳಿದವು. ಆದರೆ ಕಾಸರಗೋಡಿನ ಕನ್ನಡಿಗರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಿಮಗೆ ಕನ್ನಡ ಶಾಲೆಗಳು ಇದ್ದವು, ಅವು ಉಳಿಯಲೆಂದು ನೀವು ಹೋರಾಡಿದಿರಿ. ನಮ್ಮ ಬೀದಿಯಲ್ಲಿ ಕನ್ನಡ ಬಾಯಲ್ಲಿ ಮಾತ್ರ ಇತ್ತು. ಅಜ್ಜನಿಗೆ ತಮಿಳು ಓದು ಬರುತ್ತಿತ್ತು, ಅಪ್ಪನಿಗೂ ಅಷ್ಟೇ. ನಾನು ಕಲಿತದ್ದೂ ತಮಿಳು ಶಾಲೆಯಲ್ಲೇ. ಕನ್ನಡದ ‘ಅ’ ಹೇಗಿರುತ್ತದೆ ಎಂದು ನಾನು ನೋಡಿದ್ದು ಬೆಂಗಳೂರಿಗೆ ಹೋಗುವ ಬಸ್ಸಿನ ಫಲಕದಲ್ಲಿ. ಅಕ್ಷರ ಕೂಡಿಸಿ ಓದಲು ಕಲಿತದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕೊಳ್ಳೇಗಾಲದ ಒಂದು ಬಾಡಿಗೆ ಕೋಣೆಯಲ್ಲಿ, ಮನೆಯೊಡೆಯರ ಮಗುವಿನ ಒಂದನೆಯ ತರಗತಿಯ ಪುಸ್ತಕದಿಂದ.

ಹೀಗಿರುವುದರಿಂದ ನಮ್ಮ ಕನ್ನಡವನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಹುಡುಕಿದರೆ ಸಿಗುವುದು ಕಡಿಮೆ. ಗ್ರಿಯರ್ಸನ್ ಸಾಹೇಬರ ಪ್ರಸಿದ್ಧ ಭಾರತೀಯ ಭಾಷಾ ಸಮೀಕ್ಷೆ ಕೂಡ ಮದ್ರಾಸ್ ಪ್ರಾಂತ, ಮೈಸೂರು, ಹೈದರಾಬಾದುಗಳನ್ನು ತನ್ನ ವ್ಯಾಪ್ತಿಯ ಹೊರಗೆ ಬಿಟ್ಟಿತ್ತು. ಬರೆಯಲು ಬಾರದ ಜನರ ನುಡಿ ಉಳಿಯಬೇಕಾದರೆ ಅದು ಧ್ವನಿಯಲ್ಲೇ ಉಳಿಯಬೇಕು. ಇಷ್ಟು ಸಣ್ಣ ಮಾತು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಮನೆಯಲ್ಲಿ ಕುಳಿತು ಆಡಿದ ಕನ್ನಡ ಹೊರಗೆ ಕೇಳಿಸಿದ್ದಕ್ಕೆ ಒಂದು ಗೌರವದ ಚರಿತ್ರೆಯಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ 30 ವಾಟಿನ ಒಂದು ಪುಟ್ಟ ಪ್ರೇಷಕ ಇಟ್ಟು ಬಾನುಲಿ ನಿಲಯ ಆರಂಭಿಸಿದರು. 30 ವಾಟು ಎಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು. ಅದಕ್ಕೆ ಅವರು ‘ಆಕಾಶವಾಣಿ’ ಎಂಬ ಹೆಸರಿಟ್ಟರು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಆ ಮನೆಯ ಧ್ವನಿ ನಮ್ಮೂರಿನ ತನಕ ಬರುವಷ್ಟು ಬಲ ಅದಕ್ಕಿರಲಿಲ್ಲ. ನಮ್ಮವರ ಕಿವಿಗೆ ಬಿದ್ದ ಕನ್ನಡ ಬಾನುಲಿ ಎಂದರೆ 1955ರಲ್ಲಿ ಆರಂಭವಾದ ಬೆಂಗಳೂರು ಕೇಂದ್ರ. ರಾತ್ರಿ ಮಗ್ಗ ನಿಂತ ಮೇಲೆ ಅಜ್ಜ ರೇಡಿಯೋದ ಕಿವಿ ಹಿಂಡಿ ಹಿಂಡಿ ಅದನ್ನು ಹಿಡಿಯುತ್ತಿದ್ದ. ಕೇಳುಗರು ಪತ್ರ ಬರೆಯಬೇಕೆಂದು ಆ ಕಡೆಯಿಂದ ಕೇಳಿಕೊಳ್ಳುವರು. ಅಜ್ಜ ಪ್ರತಿ ಸಲವೂ “ಬರೆಯೋಣ, ಬರೆಯೋಣ” ಎನ್ನುವನು. ಯಾವ ಅಕ್ಷರದಲ್ಲಿ ಬರೆಯುವುದು? ಕೇಳಿ ತಲೆದೂಗುವುದಷ್ಟೇ ನಮ್ಮ ಪಾಲಿಗೆ ಬಂದದ್ದು. ಮರುಮಾತು ಹೇಳುವ ದಾರಿ ಇರಲಿಲ್ಲ.

ಆ ದಾರಿಯನ್ನು ತೆರೆದದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಈ ಅಂಗೈಯಗಲದ ಪೆಟ್ಟಿಗೆ ನಮ್ಮ ಹಳ್ಳಿಗಳಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಕನ್ನಡದಲ್ಲಿ ಅದರ ಭಾಗ್ಯ ತೆರೆದದ್ದು 1978ರಲ್ಲಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದು ಭಾವಗೀತೆಗಳು ಮನೆಮನೆ ಸೇರಿದವು. ಈ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. ಯಾರೂ ಅಷ್ಟಾಗಿ ಬರೆಯದ ಇನ್ನೊಂದು ಸಂಗತಿ ಎಂದರೆ ಆ ಯಂತ್ರದಲ್ಲಿದ್ದ ಕೆಂಪು ಗುಂಡಿ. ಗ್ರಾಮಫೋನು ಕೇಳಿಸುತ್ತಿತ್ತು, ರೇಡಿಯೋ ಕೇಳಿಸುತ್ತಿತ್ತು. ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಈ ಯಂತ್ರ ಕೇಳಿಸಿಕೊಳ್ಳುತ್ತಿತ್ತು! ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ಟಿನ ನೆತ್ತಿಯ ಎರಡು ತೂತುಗಳಿಗೆ ಕಾಗದದ ಉಂಡೆ ತುರುಕಿಬಿಟ್ಟರೆ ಅದರ ಮೇಲೂ ನಮ್ಮ ಮಾತು ಹಿಡಿಯಬಹುದಿತ್ತು. ನಮ್ಮ ಕ್ಯಾಸೆಟ್ಟಿನ ತೂತಿನಲ್ಲಿ ಇಂದಿಗೂ ತಮಿಳು ಪತ್ರಿಕೆಯ ಚೂರು ಇದೆ.

ಯಂತ್ರವನ್ನು ತಂದವನು ಚಿಕ್ಕಪ್ಪ. ಅವನು ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ವಿದ್ಯುತ್ ಮಗ್ಗದ ಕೆಲಸಕ್ಕಿದ್ದ. ಕಬ್ಬನ್‌ಪೇಟೆ ಹಿಂದಿನಿಂದಲೂ ನೇಕಾರರ ಪೇಟೆ. ಸಂದಿ ಸಂದಿಗಳಲ್ಲಿ ಮಗ್ಗ, ಅದರಲ್ಲಿ ಅರ್ಧ ಮಂದಿ ನಮ್ಮ ಕಡೆಯ ನಂಟರು ಎಂದು ಅವನು ಹೇಳುತ್ತಿದ್ದ. ಹಬ್ಬಕ್ಕೆ ಬಂದವನು ಒಂದೇ ಸ್ಪೀಕರಿನ ಸೆಕೆಂಡ್ ಹ್ಯಾಂಡ್ ಟೇಪ್ ರೆಕಾರ್ಡರನ್ನು ನಡುಮನೆಯಲ್ಲಿಟ್ಟು “ಅಕ್ಕಾ, ನೀನು ಮದುವೆ ಮನೆಯಲ್ಲಿ ಹಾಡುವುದನ್ನು ಹಾಡು, ಅಲ್ಲಿಯವರಿಗೆ ಕೇಳಿಸುತ್ತೇನೆ” ಎಂದ. ನನಗೆ ಆಗ ಹದಿಮೂರು ವರ್ಷ. ಗುಂಡಿ ಒತ್ತುವ ಅಧಿಕಾರ ನನಗೆ ಸಿಕ್ಕಿತು.

ಹಾಡುವುದು ಸುಲಭವಾಗಲಿಲ್ಲ. ಬೀದಿಯಲ್ಲಿ ಅಷ್ಟು ಹೊತ್ತಿಗೆ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಿತ್ತು. ಎಡಮನೆಯಲ್ಲಿ ಎರಡು, ಬಲಮನೆಯಲ್ಲಿ ನಾಲ್ಕು. ಮೊದಲು ಹಿಡಿದ ಐದು ನಿಮಿಷದಲ್ಲಿ ಮಗ್ಗದ ಬಡಿತ ಬಿಟ್ಟು ಬೇರೇನೂ ಇರಲಿಲ್ಲ. ಅಡಿಯಲ್ಲೆಲ್ಲೋ ಒಬ್ಬ ಹೆಂಗಸು ಮುಳುಗಿದ್ದಾಳೆ ಎನ್ನುವ ಹಾಗೆ ಅತ್ತೆಯ ಸ್ವರ. ಕರೆಂಟು ಹೋಗುವ ತನಕ ಕಾಯುವುದೆಂದು ತೀರ್ಮಾನವಾಯಿತು. ಆ ದಿನಗಳಲ್ಲಿ ಅದಕ್ಕೆ ಬಹಳ ಕಾಯಬೇಕಿರಲಿಲ್ಲ. ಎಂಟು ಗಂಟೆಗೆ ಕರೆಂಟು ಹೋಯಿತು, ಇಡೀ ಬೀದಿ ಒಂದೇ ಏಟಿಗೆ ಸುಮ್ಮನಾಯಿತು. ಚಿಕ್ಕಪ್ಪ ನಾಲ್ಕು ಸೆಲ್ಲು ಹಾಕಿದ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಅತ್ತೆ ಗೋಡೆಗೆ ಒರಗಿ ಕುಳಿತಳು. ಅಜ್ಜಿ ಹಿತ್ತಾಳೆ ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟುತ್ತಾ ತಾಳ ಹಿಡಿದಳು. ವಾದ್ಯ ಅದೊಂದೇ.

ಹಾಡು ತವರು ಬಿಟ್ಟು ಹೋಗುವ ಹೆಣ್ಣಿನದು. ಅವಳು ಕಾವೇರಿಯನ್ನು ದಾಟಬೇಕು. ಹರಿಗೋಲಿನಲ್ಲಿ ಕುಳಿತಿದ್ದಾಳೆ. ಮಡಿಲಲ್ಲಿ ಏನು ಕಟ್ಟಿಕೊಂಡಿದ್ದೀಯೆಂದು ಹರಿಗೋಲಿನವನು ಕೇಳುತ್ತಾನೆ, ಅವಳು ಒಂದೊಂದನ್ನೇ ಹೇಳುತ್ತಾಳೆ. ಅವ್ವ ಇಕ್ಕಿದ ಕೂಳು, ಅಣ್ಣ ಕೊಟ್ಟ ಸೀರೆ, ನೆರೆಮನೆಯವಳ ಬೈಗುಳ ಕೂಡ. ಹನ್ನೊಂದು ನಿಮಿಷದ ಹಾಡು. ಸೆಲ್ಲುಗಳು ಹಳೆಯವು. ಕೊನೆಕೊನೆಗೆ ಸುಸ್ತಾಗಿ ಟೇಪು ನಿಧಾನವಾಗಿ ಸುತ್ತುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ನಿಧಾನವಾಗಿ ಸುತ್ತುವಾಗ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಕೇಳಿಸಿದರೆ ಸ್ವರ ಮೇಲಕ್ಕೇರುತ್ತದೆ. ಕರೆಂಟು ಬಂದ ಮೇಲೆ ಕೇಳಿದಾಗ ಮೂವತ್ತೆಂಟು ವರ್ಷದ ಅತ್ತೆ ಹಾಡು ಸಾಗಿದಂತೆ ಸಣ್ಣವಳಾಗುತ್ತಾ ಬಂದು, ಆಚೆ ದಡ ಮುಟ್ಟುವ ಹೊತ್ತಿಗೆ ಹನ್ನೆರಡು ವರ್ಷದ ಹುಡುಗಿಯಾಗಿದ್ದಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಅತ್ತಳು. ಅತ್ತೆಯನ್ನು ಅವಳು ಹದಿಮೂರಕ್ಕೇ ಮದುವೆ ಮಾಡಿ ಕಳಿಸಿದ್ದಳು. ಅತ್ತೆ ಮಾತ್ರ “ಇದು ನನ್ನ ಗಂಟಲಲ್ಲ” ಎಂದು ಸಾಧಿಸಿದಳು. ತನ್ನ ಸ್ವರವನ್ನು ಹೊರಗಿನಿಂದ ಮೊದಲ ಸಲ ಕೇಳಿದವರೆಲ್ಲ ಹಾಗೆಯೇ ಹೇಳುತ್ತಾರೆ. ಆದರೂ ಮೂರು ಸಲ ಹಾಕಿಸಿ ಕೇಳಿದಳು.

ಚಿಕ್ಕಪ್ಪ ಕ್ಯಾಸೆಟ್ಟನ್ನು ಬೆಂಗಳೂರಿಗೆ ಒಯ್ದ. ತಿಂಗಳ ಮೇಲೆ ಊರಿಗೆ ಬರುವವರೊಬ್ಬರ ಕೈಯಲ್ಲಿ ಅದು ಹಿಂದಿರುಗಿತು. ಎರಡನೆಯ ಬದಿಯಲ್ಲಿ ಅವನು ಕೇಳುಗರ ಮಾತನ್ನು ಹಿಡಿದು ಕಳಿಸಿದ್ದ. ಅಜ್ಜನಿಗೆ ಜೀವಮಾನದಲ್ಲಿ ಬರೆಯಲಾಗದೆ ಹೋದ ಪತ್ರವನ್ನು ಹತ್ತು ಹನ್ನೆರಡು ಮಂದಿ ಬಾಯಲ್ಲೇ ಹೇಳಿ ಕಳಿಸಿದ್ದರು. ಅಕ್ಕಪಕ್ಕದವರೂ ಬಂದು ಕುಳಿತರು. ಮೊದಲು ಚಿಕ್ಕಪ್ಪನ ಕ್ಷೇಮ ಸಮಾಚಾರ. ಆಮೇಲೆ ಒಬ್ಬ “ಅಕ್ಕ, ನಮ್ಮ ಮನೆ ನೆನಪಾಯಿತು” ಎಂದ. ಇನ್ನೊಬ್ಬ ಬರೇ ಕೆಮ್ಮಿ ನಾಚಿಕೊಂಡ. ಆಮೇಲೆ ಒಂದು ಗಡುಸು ಸ್ವರ: “ಇದು ಕನ್ನಡವೋ ಅರವವೋ? ಕೂಳು ಅಂತಾಳೆ, ನಾಯಿಗೆ ಹಾಕೋದಾ? ಅರ್ಧಕ್ಕರ್ಧ ತಮಿಳು ಸೇರಿಸಿ ಹಾಡಿದರೆ ಅದೆಂಥ ಕನ್ನಡ?” ಅದರ ಹಿಂದೆ ನಾಲ್ಕೈದು ಮಂದಿಯ ನಗೆ. ನಗೆ ಬಹಳ ಹೊತ್ತು ಇತ್ತು. ಅಜ್ಜ ಕೈ ಚಾಚಿ ಗುಂಡಿ ಒತ್ತಿ ನಿಲ್ಲಿಸಿದ. ಅತ್ತೆ ಎದ್ದು ಒಳಗೆ ಹೋದಳು. ನೆರೆಯವರೂ ಒಬ್ಬೊಬ್ಬರಾಗಿ ಹೊರಟರು.

ಪೊಂಗಲಿಗೆ ಬಂದ ಚಿಕ್ಕಪ್ಪ ಕೇಳಿದ್ದು ನನಗೆ ನೆನಪಿದೆ. “ಪೂರ್ತಿ ಕೇಳಿದಿರಾ?” ಅಜ್ಜ ಹೇಳಿದ: “ಕೇಳಿದ್ದು ಸಾಕು.” ಅದರ ಮೇಲೆ ಮಾತು ಬೆಳೆಯಲಿಲ್ಲ. ಕ್ಯಾಸೆಟ್ಟು ಅಟ್ಟ ಸೇರಿತು. ಅತ್ತೆ ಮದುವೆ ಮನೆಗಳಲ್ಲಿ ಹಾಡುವುದನ್ನು ಬಿಡಲಿಲ್ಲ. ಆದರೆ ಟೇಪು ಇರಲಿ, ಮುಂದೆ ಫೋನು ಬಂದಾಗ ಅದಿರಲಿ, ಎದುರಿಗೆ ಯಂತ್ರ ಕಂಡರೆ ತುಟಿ ಬಿಚ್ಚುತ್ತಿರಲಿಲ್ಲ. ಚಿಕ್ಕಪ್ಪ 2003ರಲ್ಲಿ ತೀರಿಕೊಂಡ. ಅತ್ತೆ 2009ರಲ್ಲಿ.

ನಾನು ಕೆಲಸ, ವರ್ಗಾವಣೆ, ಮದುವೆ ಎಂದು ಸುತ್ತಿ ಕೊನೆಗೆ ಕಾಸರಗೋಡು ಸೀಮೆಯ ಒಂದು ಬ್ಯಾಂಕ್ ಶಾಖೆಯ ಕೌಂಟರಿನ ಹಿಂದೆ ಕುಳಿತೆ. ಮಡದಿಯ ಮನೆ ಮಂಜೇಶ್ವರದ ಕಡೆ. ಇಲ್ಲಿ ಮೊದಲ ದಿನ ಒಬ್ಬ ಮುದುಕಿ ಹಣ ತೆಗೆಯುವ ಚೀಟಿಯಲ್ಲಿ ಕನ್ನಡದಲ್ಲಿ ಸಹಿ ಹಾಕಿದ್ದನ್ನು ನಾನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದೆನೆಂದು ಕಾಣುತ್ತದೆ. ಸಹಿ ಹೊಂದುತ್ತಿಲ್ಲವೇ ಎಂದು ಅವರು ಗಾಬರಿಯಾದರು. ನಮ್ಮ ಕಡೆ ಕನ್ನಡ ಮಾತಾಡುವವರ ಸಹಿ ತಮಿಳಿನಲ್ಲಿರುತ್ತದೆ.

ಇಲ್ಲಿಯೇ ನನಗೆ ಕ್ಯಾಸೆಟ್ ಪತ್ರಗಳ ವಿಚಾರ ಸರಿಯಾಗಿ ತಿಳಿದದ್ದು. ಸಹೋದ್ಯೋಗಿಗಳ ಮನೆಗಳಲ್ಲಿ 1980ರ ದಶಕದಲ್ಲಿ ದುಬಾಯಿಗೂ ಶಾರ್ಜಾಕ್ಕೂ ಹೋಗಿ ಬರುತ್ತಿದ್ದ ಕ್ಯಾಸೆಟ್ಟುಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಓದು ಬಾರದ ತಾಯಂದಿರು ಮಗನಿಗೆ ಹೇಳಬೇಕಾದ್ದನ್ನು ಟೇಪಿಗೆ ಹೇಳಿ ಊರಿನಿಂದ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಅದೇ ಟೇಪಿನ ಮೇಲೆ ಮಗನ ಉತ್ತರ ಬರುತ್ತಿತ್ತು. ಹೊಸದು ಕೊಳ್ಳಲು ದುಡ್ಡಿಲ್ಲದೆ ಹಳೆಯ ಮಾತಿನ ಮೇಲೆಯೇ ಹೊಸ ಮಾತು. ಮಲೆಯಾಳದ ವಾಚಕರಿಗೆ ಎಸ್.ಎ. ಜಮೀಲರ ‘ದುಬಾಯಿ ಕತ್ತು’ ಹಾಡನ್ನು ನೆನಪಿಸಬೇಕಾಗಿಲ್ಲ. 1970ರ ದಶಕದ ಆ ಹಾಡು ಗಲ್ಫಿನಲ್ಲಿರುವ ಗಂಡನಿಗೆ ಹೆಂಡತಿ ಬರೆದ ಪತ್ರ. ಅದು ಕೇಳಿದವರ ಎದೆಗೆ ಹೇಗೆ ತಾಗಿತೆಂದರೆ ಜಮೀಲರು ಗಂಡನ ಮರುಪತ್ರವನ್ನೂ ಹಾಡಾಗಿ ಕಟ್ಟಬೇಕಾಯಿತು. ಹಾಡಿಗೆ ಮರುಹಾಡು. ನಮ್ಮ ಮನೆಯ ಕ್ಯಾಸೆಟ್ಟಿಗೂ ಒಂದು ಮರುಹಾಡು ಇದೆಯೆಂದು ಆಗ ನನಗೆ ತಿಳಿದಿರಲಿಲ್ಲ.

2019ರಲ್ಲಿ ನಂಗವಳ್ಳಿಯ ಮನೆಯ ಹೆಂಚು ತೆಗೆದು ತಾರಸಿ ಹಾಕಿಸುವಾಗ ಅಟ್ಟ ಬರಿದು ಮಾಡಿದೆವು. ಒಡೆದ ರಾಟೆ, ಎರಡು ಲಾಳಿ, ಇಲಿ ತಿಂದ ಪಂಚಾಂಗಗಳ ನಡುವೆ ಇದು ಸಿಕ್ಕಿತು. ಟೇಪನ್ನು ಒತ್ತಿ ಹಿಡಿಯುವ ಸ್ಪಂಜಿನ ತುಂಡು ಉದುರಿತ್ತು, ಸುರುಳಿಯ ಅಂಚಿಗೆ ಬಿಳಿ ಬೂಷ್ಟು. ಕಾಸರಗೋಡಿಗೆ ತಂದು ಬೂಷ್ಟು ಒರಸಿ, ತಿರುಪು ಇರುವ ಬೇರೊಂದು ಕ್ಯಾಸೆಟ್ಟಿನ ಹೊಟ್ಟೆಯೊಳಗೆ ಈ ಸುರುಳಿಗಳನ್ನು ಕೂರಿಸಿದೆವು. ಕೈ ನಡುಗದ ಒಬ್ಬ ರೇಡಿಯೋ ರಿಪೇರಿಯವರು ಸಹಾಯ ಮಾಡಿದರು. ತಂತಿ ಹಾಕಿ ಕಂಪ್ಯೂಟರಿಗೆ ಇಳಿಸಿದೆವು. ಕಂಪ್ಯೂಟರಿನಲ್ಲಿ ವೇಗ ಸರಿಮಾಡುವುದೂ ಸಾಧ್ಯವಾಯಿತು. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದರೆ ಕೊನೆಯ ನುಡಿಯ ಹುಡುಗಿ ಮತ್ತೆ ಅತ್ತೆಯಾದಳು. ಎರಡು ಪ್ರತಿ ಇಟ್ಟಿದ್ದೇನೆ, ಸರಿಮಾಡಿದ್ದೊಂದು, ಸೆಲ್ಲು ಸತ್ತದ್ದೊಂದು.

ಎರಡನೆಯ ಬದಿಯನ್ನು ಒಬ್ಬನೇ ಕುಳಿತು ಕೇಳಿದೆ. ಕ್ಷೇಮ ಸಮಾಚಾರ, ಕೆಮ್ಮು, ಗಡುಸು ಸ್ವರ, ನಗೆ. ನಿಲ್ಲಿಸಲು ನನ್ನ ಕೈಯೂ ಹೋಗಿತ್ತು. ನಗೆ ಮುಗಿದು ಚಿಕ್ಕಪ್ಪ ಏನೋ ಗದರುತ್ತಾನೆ. ಟೇಪು ನಿಂತು ಮತ್ತೆ ಆರಂಭವಾದ ಸದ್ದು. ಬೇರೆ ಮನೆ, ಬೇರೆ ಹೊತ್ತು. ಒಬ್ಬ ಮುದುಕಿ. “ಯಾರವ್ವಾ ನೀನು? ನಮ್ಮೂರಿನ ಕಡೆಯವಳಾ?” ಎಂದು ಅತ್ತೆ ಎದುರಿಗೆ ಕುಳಿತಿದ್ದಾಳೆ ಎನ್ನುವಂತೆಯೇ ಟೇಪಿನೊಡನೆ ಮಾತಾಡುತ್ತಾಳೆ. ಮೆಟ್ಟೂರಿನಲ್ಲಿ ನೀರು ನಿಂತಾಗ ತನಗೆ ಹತ್ತು ವರ್ಷವೆಂದೂ ಊರು ಮುಳುಗಿದ ಮೇಲೆ ಅಪ್ಪ ಮಗ್ಗ ಹೊತ್ತು ಬೆಂಗಳೂರಿಗೆ ಬಂದನೆಂದೂ ಹೇಳುತ್ತಾಳೆ. ಆಮೇಲೆ: “ಚೆನ್ನಾಗಿ ಹಾಡಿದೆ. ಆದರೆ ಮೊದಲ ನುಡಿ ಬಿಟ್ಟೆಯಲ್ಲವ್ವ. ಹೆಣ್ಣು ಹರಿಗೋಲು ಹತ್ತುವುದಿಲ್ಲ, ನಡೆದು ಹೋಗುತ್ತಾಳೆ. ನೀರು ನಿಲ್ಲುವ ಮುಂಚೆ ನಮ್ಮವ್ವ ಹೀಗೆ ಹಾಡುತ್ತಿದ್ದಳು.” ಎಂದು ಹಲ್ಲಿಲ್ಲದ ಬಾಯಲ್ಲಿ, ಅತ್ತೆಯ ಧಾಟಿಯಲ್ಲೇ, ಒಂದು ನುಡಿ ಹಾಡುತ್ತಾಳೆ. ಬೇಸಗೆಯಲ್ಲಿ ಬತ್ತಿದ ಹೊಳೆ, ಕಾಲು ಸುಡುವ ಮರಳು, ನಡುವೆ ಗಿಣ್ಣಿನುದ್ದದ ನೀರು, ಹಿಂದಿನಿಂದ ಸೆರಗು ಹಿಡಿದು ಬರುವ ತಾಯಿ. ಎರಡು ನಿಮಿಷವೂ ಇಲ್ಲ. ಆಮೇಲೆ ಟೇಪು ಖಾಲಿ.

ಇಪ್ಪತ್ತೈದು ವರ್ಷ ಆ ಮಾತು ನಮ್ಮ ಅಟ್ಟದ ಮೇಲೆಯೇ ಇತ್ತು. “ಪೂರ್ತಿ ಕೇಳಿದಿರಾ?” ಎಂದು ಚಿಕ್ಕಪ್ಪ ಏಕೆ ಕೇಳಿದ್ದನೆಂದು ಈಗ ಅರ್ಥವಾಗುತ್ತದೆ.

ಈಗ ಚರಿತ್ರೆಗೆ ಬರೋಣ. ಕಾವೇರಿ ನೀರಿನ ಬಗ್ಗೆ ಮೈಸೂರಿಗೂ ಮದ್ರಾಸಿಗೂ 1924ರಲ್ಲಿ ಒಪ್ಪಂದವಾಯಿತು. 1925ರಲ್ಲಿ ಮೆಟ್ಟೂರು ಅಣೆಕಟ್ಟಿನ ಕೆಲಸ ಆರಂಭವಾಗಿ 1934ರಲ್ಲಿ ಮುಗಿಯಿತು. ಆಗಿನ ಗವರ್ನರ್ ಸ್ಟಾನ್ಲಿಯ ಹೆಸರನ್ನು ಜಲಾಶಯಕ್ಕೆ ಇಟ್ಟರು. ನೀರಿನ ಪೂರ್ಣ ಮಟ್ಟ 120 ಅಡಿ, ತುಂಬಿದರೆ 93.47 ಟಿಎಂಸಿ. ತಂಜಾವೂರಿನ ಗದ್ದೆಗಳಿಗೆ ಅದರಿಂದ ಎಷ್ಟು ಉಪಕಾರವಾಯಿತೆಂಬುದು ಲೆಕ್ಕದಲ್ಲಿದೆ. ಅಡಿಯಲ್ಲಿ ಹೋದ ಊರುಗಳ ಹಾಡುಗಳ ಲೆಕ್ಕ ಯಾರಲ್ಲಿಯೂ ಇಲ್ಲ. ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರವೂ ತಲೆಯೆತ್ತುತ್ತವೆ, ಜನ ಬಸ್ಸು ಮಾಡಿಕೊಂಡು ಹೋಗಿ ನೋಡುತ್ತಾರೆ. ನಾನೂ ಹೋಗಿದ್ದೇನೆ. ಆ ನಂದಿಯನ್ನು ನೋಡುವಾಗ ಆಗುವಂಥದೇ ಅನುಭವ ಆ ಎರಡು ನಿಮಿಷ ಕೇಳುವಾಗ ನನಗೆ ಆಯಿತು.

ಆದರೆ ಬಿ.ಎ.ಯಲ್ಲಿ ಚರಿತ್ರೆ ಕಲಿಸಿದ ಮೇಷ್ಟ್ರುಗಳು ಅನುಭವವನ್ನು ಪ್ರಮಾಣವೆನ್ನಬಾರದೆಂದು ಹೇಳಿದ್ದಾರೆ. ಹರಿಗೋಲು ಅಣೆಕಟ್ಟಿಗಿಂತ ಬಹಳ ಹಳೆಯದು. ಮಳೆಗಾಲದ ಕಾವೇರಿಯನ್ನು ಹಿಂದೆಯೂ ಯಾರೂ ನಡೆದು ದಾಟಿರಲಾರರು. ಹಾಗಾಗಿ 1934ರ ಮುಂಚೆ ನಡಿಗೆಯ ನುಡಿ, ಆಮೇಲೆ ಹರಿಗೋಲಿನ ನುಡಿ ಎಂದು ಗೆರೆ ಎಳೆಯುವುದು ದುಡುಕಾದೀತು. ಎರಡೂ ಒಂದೇ ಹಾಡಿನ ಬೇಸಗೆ ಮಳೆಗಾಲಗಳಿರಬಹುದು. ಇಷ್ಟು ಮಾತ್ರ ಹೇಳಬಹುದು: ನೀರು ನಿಂತ ಮೇಲೆ ಆ ಜಾಗದಲ್ಲಿ ಬತ್ತಿದ ಹೊಳೆ ಎಂಬುದೇ ಅಪರೂಪವಾಯಿತು. ನಡೆಯುವ ದಾರಿ ಇಲ್ಲದಿದ್ದಲ್ಲಿ ನಡಿಗೆಯ ನುಡಿ ಹಾಡಲು ಯಾರಿಗೂ ಕಾರಣವಿರಲಿಲ್ಲ. ಈಚೆ ಉಳಿದ ನಮ್ಮವರು ಅದನ್ನು ಮರೆತರು. ಬೆಂಗಳೂರಿಗೆ ಹೋದವಳು, ಹೊಳೆಯೇ ಇಲ್ಲದ ಕಬ್ಬನ್‌ಪೇಟೆಯಲ್ಲಿ, ಅದನ್ನು ಅರುವತ್ತು ವರ್ಷ ಇಟ್ಟುಕೊಂಡಿದ್ದಳು. ಅತ್ತೆಯ ಹಾಡು ಅವಳ ಕಿವಿಗೆ ಬೀಳದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ.

ಗಡುಸು ಸ್ವರದವರಿಗೂ ಉತ್ತರ ಕೊಡಬೇಕಾಗಿದೆ, ಅವರು ಎಲ್ಲಿದ್ದರೂ. ಇಂದಿನ ಕನ್ನಡದಲ್ಲಿ ‘ಕೂಳು’ ತಿರಸ್ಕಾರದ ಮಾತು, ನಿಜ. ಹಳಗನ್ನಡದಲ್ಲಿ ಅದು ಮರ್ಯಾದೆಯ ಊಟ, ಅನ್ನ. ಈ ಊರಿಗೆ ಬಂದ ಮೇಲೆ ನಿಘಂಟು ತೆಗೆದು ನೋಡಿದಾಗ ಅದು ಗೊತ್ತಾಯಿತು. ಅತ್ತೆಗೆ ಹಳಗನ್ನಡ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅವಳ ಪಾಲಿಗೆ ಅದು ಅವ್ವ ಇಕ್ಕಿದ್ದು, ಅಷ್ಟೇ. ಹಾಗೆಂದು ಹಾಡಿನಲ್ಲಿ ತಮಿಳಿಲ್ಲ ಎಂದು ವಾದಿಸುವುದಿಲ್ಲ. ನಾನೇ ಎಣಿಸಿದ್ದೇನೆ, ಹತ್ತಕ್ಕಿಂತ ಹೆಚ್ಚಿವೆ. ಇನ್ನೂರು ವರ್ಷ ನೆರೆಮನೆಯಲ್ಲಿದ್ದು ಒಂದು ಲೋಟ ಸಕ್ಕರೆ ಸಾಲ ತರದ ಮನೆ ಉಂಟೇ? ಕಾಸರಗೋಡಿನ ಕನ್ನಡವನ್ನು ಬೆಂಗಳೂರಿನಲ್ಲಿ ಕೇಳಿದವರು ಮಲೆಯಾಳ ಬೆರೆತಿದೆ ಎಂದು ನಿಮ್ಮನ್ನೂ ನಕ್ಕಿರಬಹುದು. ನಕ್ಕದ್ದು ಕೇಳಿ ಎಷ್ಟು ಮನೆಗಳಲ್ಲಿ ಎಷ್ಟು ಅತ್ತೆಯಂದಿರು ಬಾಯಿ ಮುಚ್ಚಿಕೊಂಡರೋ.

ಹಳೆಯ ಧ್ವನಿಯನ್ನು ಅದೇ ಊರಿಗೆ ಹಿಂದಕ್ಕೆ ತಂದು ಕೇಳಿಸುವುದು ವಿದ್ವಾಂಸರೂ ಮಾಡಿರುವ ಕೆಲಸ. ಆರ್ನಾಲ್ಡ್ ಬಾಕೆ ಎಂಬ ಡಚ್ ಸಂಗೀತ ವಿದ್ವಾಂಸರು 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ತಿರುಗಿ ಹಾಡು ಕುಣಿತಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಅವರು 1963ರಲ್ಲಿ ತೀರಿಕೊಂಡರು. ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಆ ಪ್ರತಿಗಳನ್ನು ಹಿಡಿದು ಅದೇ ಜಾಗಗಳಿಗೆ ಮತ್ತೆ ಬಂದರು. ನಲವತ್ತಾರು ವರ್ಷದ ಮೇಲೆ ಏನು ಉಳಿದಿದೆ, ಏನು ಬದಲಾಗಿದೆ ಎಂದು ಹಾಡುವವರನ್ನೇ ಕೇಳಿ ಅದರ ಮೇಲೆ ಒಂದು ಚಿತ್ರವನ್ನೂ ಮಾಡಿದರು. ಅದನ್ನು ಓದಿದ ಮೇಲೆ ನನಗೂ ಧೈರ್ಯ ಬಂತು. ನಮ್ಮದು ಇಪ್ಪತ್ತೈದೇ ವರ್ಷ, ಯಂತ್ರ ಜೇಬಿನೊಳಗಿನ ಫೋನು.

2022ರ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ಅತ್ತೆಯ ಮಗಳಿಗೆ ಎರಡೂ ಬದಿ ಕೇಳಿಸಿದೆ. ನನಗಿಂತ ದೊಡ್ಡವಳು, ಅತ್ತಿಗೆ ಎಂದು ಕರೆಯುತ್ತೇನೆ. ನಗೆಯ ಭಾಗ ಬಂದಾಗ ದಾಟಿಸಲೇ ಎಂದು ಕೇಳಿದೆ. “ಬೇಡ, ಇರಲಿ” ಎಂದಳು. ಮುದುಕಿಯ ನುಡಿಯನ್ನು ಆರು ಸಲ ಹಾಕಿಸಿದಳು, ಏಳನೆಯ ಸಲ ಜೊತೆಗೆ ಹಾಡಿದಳು. ವೇಗ ಸರಿಮಾಡಿದ ಪ್ರತಿ ಅವಳಿಗೆ ಬೇಕು, ಅದರಲ್ಲಿ ಅವ್ವನಿದ್ದಾಳೆ. ಇನ್ನೊಂದು ಪ್ರತಿ ಬೇಡವೆಂದಳು, ಅಜ್ಜಿಯ ಹಾಗೆ ನಗಲೂ ಇಲ್ಲ. ನಡಿಗೆಯ ನುಡಿಯನ್ನು ಮೊದಲಿಗಿಟ್ಟು, ಹರಿಗೋಲನ್ನು ಆಮೇಲಿಟ್ಟು, ಇಡೀ ಹಾಡನ್ನು ಹೊಸದಾಗಿ ಹಿಡಿಯೋಣವೆಂದು ಅವಳೇ ಹೇಳಿದಳು. ಈಗ ಕರೆಂಟು ಹಾಗೆಲ್ಲ ಹೋಗುವುದಿಲ್ಲ. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗ ನಿಲ್ಲಿಸುವ ವಾಡಿಕೆಯಿದೆ. ಆ ದಿನದ ತನಕ ರಜೆ ಮುಂದೂಡಿದೆ. ತಟ್ಟೆಗೆ ಅಜ್ಜಿಯ ಹಿತ್ತಾಳೆಯದೇ ಸಿಕ್ಕಿತು.

ಹಾಡನ್ನು ನಂಟರ ಫೋನುಗಳಿಗೆ ಕಳಿಸಿದೆ. ಅವರು ಅವರ ನಂಟರಿಗೆ ಕಳಿಸಿದರು. ಉತ್ತರಗಳು ಬರೆಹದಲ್ಲಿ ಬರಲಿಲ್ಲ, ಎಲ್ಲವೂ ಧ್ವನಿಯಲ್ಲೇ ಬಂದವು. ನಮ್ಮವರು ಈಗಲೂ ಹಾಗೆಯೇ. ಒಬ್ಬರು ಮಗ್ಗದ ಸದ್ದಿನ ನಡುವೆ ಮಾತಾಡಿ ಏನೂ ಕೇಳಿಸಲಿಲ್ಲ. ಒಬ್ಬ ಹುಡುಗ ತಮಿಳಿನಲ್ಲಿ ಚೆನ್ನಾಗಿದೆ ಎಂದ, ಹರಿಗೋಲು ಎಂದರೆ ಪರಿಸಲೇ ಎಂದೂ ಕೇಳಿದ. ಕೊಳ್ಳೇಗಾಲದ ಕಡೆಯ ಒಬ್ಬ ಹೆಂಗಸು, ಯಾರೆಂದು ಇನ್ನೂ ಗೊತ್ತಾಗಿಲ್ಲ, ಹೀಗೆ ಹೇಳಿದ್ದಾರೆ: “ನೀವೂ ತಪ್ಪು ಹಾಡಿದ್ದೀರಿ. ಆಚೆ ದಡದಲ್ಲಿ ದೀಪ ಹಿಡಿದು ಅತ್ತೆ ನಿಂತಿರುತ್ತಾಳಲ್ಲ, ಆ ನುಡಿ ಎಲ್ಲಿ?”

ಅತ್ತಿಗೆಗೆ ಅದನ್ನು ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಬರುವ ಅಮಾವಾಸ್ಯೆ ಯಾವ ವಾರ ಬೀಳುತ್ತದೆ, ನೋಡಿ ಹೇಳು. ಅವರನ್ನೇ ಬರಹೇಳೋಣ” ಎಂದಳು.